ಬೇಡಿಕೆ ಇಲ್ಲ ಅಂದವರು ಯಾರನ್ನು ಕೇಳಿದ್ದರು?

1990ರ ದಶಕದಲ್ಲಿ ನಮ್ಮ ಕಡೆ ಕಪ್ಪು-ಬಿಳುಪು ಫಿಲ್ಮು ಸಿಗುವುದೇ ಕಷ್ಟವಾಗುತ್ತಾ ಬಂತು. ಯಾಕೆ ಅಂತ ಕೇಳಿದರೆ ಸರಬರಾಜುದಾರರದ್ದು ಒಂದೇ ಉತ್ತರ: “ಬೇಡಿಕೆ ಇಲ್ಲ ಸಾರ್, ಈಗ ಎಲ್ಲರಿಗೂ ಕಲರ್ ಬೇಕು.” ಈ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆದವಾನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಸ್ಟುಡಿಯೋಗಳಿಗೆ ಗಿರಾಕಿ ಯಾರು? ಹತ್ತನೇ ತರಗತಿ ಪರೀಕ್ಷೆ ಅರ್ಜಿಗೆ ಫೋಟೊ ಬೇಕಾದ ಹುಡುಗ, ಬ್ಯಾಂಕಿನ ಸಾಲಕ್ಕೆ ಓಡಾಡುವ ರೈತ, ವರ್ಷಕ್ಕೊಮ್ಮೆ ಗ್ರೂಪ್ ಫೋಟೊ ತೆಗೆಸುವ ಶಾಲೆ. ಮದುವೆಗೆ ಕಲರ್ ಬೇಕೆಂದದ್ದು ನಿಜ. ಆದರೆ ಅರ್ಜಿಗೆ ಬೇಕಾದದ್ದು ಕಡಿಮೆ ದುಡ್ಡಿನ, ಬೇಗ ಕೈಗೆ ಸಿಗುವ ಫೋಟೊ. ಕಪ್ಪು-ಬಿಳುಪನ್ನು ಸ್ಟುಡಿಯೋದವರೇ ತಮ್ಮ ಡಾರ್ಕ್ ರೂಮಿನಲ್ಲಿ ತೊಳೆದು ಕೊಡುತ್ತಿದ್ದರು. ಕಲರ್ ಆದರೆ ರೋಲು ಮುಗಿಯಬೇಕು, ದೊಡ್ಡ ಊರಿನ ಲ್ಯಾಬಿಗೆ ಹೋಗಬೇಕು, ತಿರುಗಿ ಬರಬೇಕು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ!

ನಮ್ಮ ದೇಶದ್ದೇ ಒಂದು ಫಿಲ್ಮು ಕಾರ್ಖಾನೆ ಇತ್ತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್. 1960ರಲ್ಲಿ ಸ್ಥಾಪನೆ, 1967ರಲ್ಲಿ ಉತ್ಪಾದನೆ. ‘ಇಂದು’ ಹೆಸರಿನ ಕಪ್ಪು-ಬಿಳುಪು ರೋಲು, ಪೇಪರು, ಎಕ್ಸ್-ರೇ ಫಿಲ್ಮು ಅಲ್ಲಿಂದಲೇ ಬರುತ್ತಿತ್ತು. ಅದು ದೊಡ್ಡ ಸಾಲ ಮಾಡಿ ಪಾಲಿಯೆಸ್ಟರ್ ಎಕ್ಸ್-ರೇ ಫಿಲ್ಮಿನ ಘಟಕ ಕಟ್ಟಿತು. ಸಾಲ ಬೆಳೆಯಿತು, 1990ರ ದಶಕದಲ್ಲೇ ರೋಗಗ್ರಸ್ತ ಉದ್ಯಮವಾಯಿತು. 2003ರಲ್ಲಿ ಮುಚ್ಚುವ ಶಿಫಾರಸು, 2014ರಲ್ಲಿ ನೌಕರರಿಗೆ ಸ್ವಯಂ ನಿವೃತ್ತಿ. ಸಣ್ಣ ಊರಿನ ಸ್ಟುಡಿಯೋದವರಿಗೆ ಏನು ಬೇಕು ಅಂತ ಕೇಳಿಕೊಂಡು ಆ ಕಡೆಯಿಂದ ಯಾರೂ ನಮ್ಮ ಬೀದಿಗೆ ಬಂದದ್ದನ್ನು ನಾನು ಕಾಣೆ.

ಡಿಜಿಟಲ್ ಬಂದ ಮೇಲೆ ಹೇಗೂ ಮುಚ್ಚಲೇಬೇಕಿತ್ತಲ್ಲವೇ ಅಂತ ಕೆಲವರು ಕೇಳಬಹುದು. ಇಂಗ್ಲೆಂಡಿನ ಇಲ್ಫೋರ್ಡ್ ಕಂಪನಿಯನ್ನು ನೋಡಿ. 2004ರಲ್ಲಿ ಅದೂ ದಿವಾಳಿಯ ಅಂಚಿಗೆ ಬಂತು. ಅಲ್ಲಿನ ವ್ಯವಸ್ಥಾಪಕರೇ ಮುಂದಿನ ವರ್ಷ ಹಾರ್ಮನ್ ಎಂಬ ಹೆಸರಿನಲ್ಲಿ ಅದನ್ನು ಕೊಂಡು, ಉಳಿದಿದ್ದ ಗಿರಾಕಿಗಳನ್ನೇ ನಂಬಿ ನಡೆಸಿದರು. ಇವತ್ತಿಗೂ ಅಲ್ಲಿ ಕಪ್ಪು-ಬಿಳುಪು ಫಿಲ್ಮು ತಯಾರಾಗುತ್ತಿದೆ. ಕಡಿಮೆ ಬೇಡಿಕೆ ಬೇರೆ, ಬೇಡಿಕೆಯೇ ಇಲ್ಲದಿರುವುದು ಬೇರೆ.

ನಷ್ಟ ಆದದ್ದು ನಮಗೆ. ಕಪ್ಪು-ಬಿಳುಪು ಚಿತ್ರದಲ್ಲಿರುವುದು ಬೆಳ್ಳಿಯ ಕಣ. ಚೆನ್ನಾಗಿ ತೊಳೆದಿದ್ದರೆ ತಲೆಮಾರು ಬಾಳುತ್ತದೆ. ಕಲರ್ ಫೋಟೊದ್ದು ಬಣ್ಣದ ರಾಸಾಯನಿಕ. ಬೆಳಕಿಗೆ, ಬಿಸಿಲಿಗೆ ಮಾಸುತ್ತದೆ. ಹಾಗಾಗಿಯೇ ಎಷ್ಟೋ ಶಾಲೆಗಳ ಗೋಡೆ ಮೇಲೆ ಅಜ್ಜಂದಿರ ಕಾಲದ ತರಗತಿಯ ಮುಖಗಳು ಸ್ಪಷ್ಟ, 90ರ ದಶಕದ ಮಕ್ಕಳ ಮುಖ ಕೆಂಪಗೆ ಕಲಸಿದಂತೆ. 1953ರಲ್ಲಿ ಬಳ್ಳಾರಿ ಅತ್ತ ಹೋಗಿ, ಆದವಾನಿ-ಆಲೂರು ಇತ್ತ ಉಳಿದ ಮೇಲೆ, ಇಲ್ಲಿ ಕನ್ನಡ ಶಾಲೆ ನಡೆದಿತ್ತು ಎನ್ನುವುದಕ್ಕೆ ಆ ಫೋಟೊಗಳೂ ಸಾಕ್ಷಿ.

“ಬೇಡಿಕೆ ಇಲ್ಲ” ಎಂಬ ಮಾತು ಕನ್ನಡ ಮಾಧ್ಯಮದವರಾದ ನಮಗೆ ಹೊಸದೇನಲ್ಲ. ಪುಸ್ತಕ ಕೇಳಿದಾಗಲೂ ಅದೇ, ಮೇಷ್ಟ್ರನ್ನು ಕೇಳಿದಾಗಲೂ ಅದೇ. ಅದಕ್ಕೇ ಹೇಳುತ್ತೇನೆ, ಬೇಕಾದದ್ದನ್ನು ಬರೆದು ಕೊಡಿ, ಸಹಿ ಹಾಕಿಸಿ, ನಕಲು ಇಟ್ಟುಕೊಳ್ಳಿ. ಮಾಸುತ್ತಿರುವ ಗ್ರೂಪ್ ಫೋಟೊಗಳನ್ನು ಈ ಬೇಸಿಗೆ ರಜೆಯಲ್ಲೇ ಸ್ಕ್ಯಾನ್ ಮಾಡಿಸಿ, ಹೆಸರು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.