ಭಾರ ಸಾಗಿಸುವವನ ಭೌತಶಾಸ್ತ್ರ

ವಳಕಮದಿನ್ನಿಯ ಮನೆಯೊಂದರಲ್ಲಿ ವಿದ್ಯುದ್ದೀಪದ ಗುಂಡಿಯನ್ನೊತ್ತುವ ವಿದ್ಯಾರ್ಥಿಯು ತನ್ನ ರಾಯಚೂರು ಜಿಲ್ಲೆಯದೇ ಆದ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರವನ್ನು ನೆನೆಯಬಹುದು. ಅಲ್ಲಿನ ಮೊದಲ ಘಟಕವು 1985ರಲ್ಲಿ ಕೆಲಸಕ್ಕೆ ತೊಡಗಿತು. ಮುಂದೆ ಎಂಟು ಘಟಕಗಳು ನಿಂತು ಸಾಮರ್ಥ್ಯವು 1,720 ಮೆಗಾವಾಟಿಗೆ ಏರಿತು. ಇಂಥ ಸ್ಥಾವರಗಳನ್ನು ಕಟ್ಟುವ ಇಂಜಿನಿಯರುಗಳನ್ನು ನಾವು ಗೌರವಿಸುತ್ತೇವೆ. ಅವುಗಳಿಗೆ ಬೇಕಾದ ಟ್ರಾನ್ಸ್‌ಫಾರ್ಮರ್ ಮೊದಲಾದ ಬೃಹದ್ಯಂತ್ರಗಳನ್ನು ರಸ್ತೆಯಲ್ಲಿ ಸಾಗಿಸಿ ತರುವ ಚಾಲಕನನ್ನು ಮಾತ್ರ ಮರೆಯುತ್ತೇವೆ.

ಆತನ ಕೆಲಸವೇನು ಸಾಮಾನ್ಯವಾದುದೆ? ಹೊರೆಯೂ ಸೇರಿ 200 ಟನ್ ತೂಗುವ ವಾಹನವು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿಯು, ಒಂದು ಟನ್ ತೂಕದ ಕಾರು ಗಂಟೆಗೆ ಸುಮಾರು 280 ಕಿಲೋಮೀಟರ್ ವೇಗದಲ್ಲಿ ಓಡುವಾಗಿನ ಚಲನಶಕ್ತಿಗೆ ಸಮ. ಇಳಿಜಾರಿನಲ್ಲಿ ಬ್ರೇಕುಗಳು ಇದನ್ನೆಲ್ಲ ಉಷ್ಣವಾಗಿ ಅರಗಿಸಿಕೊಳ್ಳಬೇಕು.

ಇನ್ನು ರಸ್ತೆಯ ಮಾತು. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ಪರೀಕ್ಷೆಗಳು, ಆಕ್ಸಲಿನ ಮೇಲಣ ಭಾರವು ಇಮ್ಮಡಿಸಿದರೆ ರಸ್ತೆಯ ಸವೆತವು ಸುಮಾರು ಹದಿನಾರು ಪಟ್ಟಾಗುವುದೆಂದು ತೋರಿಸಿದವು. ಆದುದರಿಂದಲೇ ಭಾರವನ್ನು ಹಲವಾರು ಆಕ್ಸಲುಗಳ ಮೇಲೆ ಹಂಚುತ್ತಾರೆ. ಒಂದಕ್ಕೊಂದು ಕೂಡಿಕೊಂಡ ಎಣ್ಣೆಯ ಸಿಲಿಂಡರುಗಳು, ನಾವು ತರಗತಿಯಲ್ಲಿ ಓದುವ ಪಾಸ್ಕಲನ ನಿಯಮದಂತೆ, ಆ ಹಂಚಿಕೆಯನ್ನು ಸಮವಾಗಿರಿಸುತ್ತವೆ.

ಆದರೂ ಅಪಾಯ ತಪ್ಪದು. ನಮ್ಮ ಸೀಮೆಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ರಸ್ತೆಯ ಒಂದು ಅಂಚು ಕುಸಿದು ವಾಹನವು ವಾಲಿದಾಗ, ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಆಧಾರಕ್ಷೇತ್ರದಿಂದ ಹೊರಬಿದ್ದರೆ ಯಂತ್ರವು ಉರುಳುವುದು ನಿಶ್ಚಯ. ಆಗ ಮೊದಲು ಪ್ರಾಣಾಪಾಯಕ್ಕೆ ಸಿಲುಕುವವನು ಚಾಲಕನೇ.

ಆದಕಾರಣ, ಹೊರೆಯ ತೂಕ, ಗುರುತ್ವಕೇಂದ್ರದ ಎತ್ತರ, ದಾರಿಯ ಸೇತುವೆಗಳ ತಾಳಿಕೆ ಇವಿಷ್ಟನ್ನೂ ಹೊರಡುವ ಮುನ್ನವೇ ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ಮುಂದಿನ ರಸ್ತೆಯು ತಾಳದೆಂದು ತೋರಿದಲ್ಲಿ ವಾಹನವನ್ನು ನಿಲ್ಲಿಸುವ ಅಧಿಕಾರವೂ ಅವನದೇ ಆಗಿರಬೇಕು. ಇದರಿಂದ ವಿಳಂಬವಾಗಿ ಹಣವು ನಷ್ಟವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ನಷ್ಟವಾಗುವುದು ನಿಜ, ಆದರೆ ಕಳೆದ ದಿನವನ್ನು ದುಡಿದು ತುಂಬಿಕೊಳ್ಳಬಹುದು, ಹೋದ ಜೀವವನ್ನು ತರಲಾಗದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗಿ ಆ ಕಾಗದಕ್ಕೆ ಸಹಿ ಮಾಡುವಿರಿ. ಸಹಿಗೆ ಮುನ್ನ ಚಾಲಕನನ್ನೂ ಒಂದು ಮಾತು ಕೇಳಿರಿ.