ಮರುಭೂಮಿಯ ಸೈನಿಕನೂ ದುಡಿಮೆಗಾರನೇ

ಸೈನಿಕನ ಶೌರ್ಯವನ್ನು ಹೊಗಳುವವರು ಬಹಳ ಮಂದಿ. ಅವನ ಮೈಮೇಲಿನ ಹೊರೆಯನ್ನು ತೂಗಿ ನೋಡುವವರು ವಿರಳ. ಹೊರೆಯೆಂದರೇನೆಂದು ಬಲ್ಲ ನಮ್ಮ ವಾಚಕರ ಮುಂದೆ ಈ ವಾರ ಆ ಲೆಕ್ಕವನ್ನು ಇಡಬಯಸುತ್ತೇವೆ.

2003ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಇರಾಕಿನೊಳಕ್ಕೆ ನುಗ್ಗಿದವು. ಬೇಸಿಗೆ ಬಂದಿತು, ಕಾದಾಟ ಮಾತ್ರ ಮುಗಿಯಲಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಬಿಸಿಲು 50 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಆ ಬಿಸಿಲಿನಲ್ಲಿ ಅಮೆರಿಕದ ಕಾಲಾಳು ತೊಟ್ಟ ಗುಂಡು ತಡೆಯುವ ಕವಚ, ಎದೆಬೆನ್ನಿನ ಫಲಕಗಳೂ ಸೇರಿ, 7 ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅದರ ಮೇಲೆ ಹೆಲ್ಮೆಟ್ಟು, ಬಂದೂಕು, ಗುಂಡುಗಳು, ಕುಡಿಯುವ ನೀರು. 25 ಕಿಲೋ ಅಕ್ಕಿಯ ಮೂಟೆಯನ್ನು ಮೈಗೆ ಕಟ್ಟಿಕೊಂಡು ಗಸ್ತು ತಿರುಗಿದಂತೆಯೇ ಸರಿ.

ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ಗಾಳಿಯಾಡದ ಕವಚದಡಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ನೀರು ಮೈಬಿಟ್ಟು ಹೋಗಬಹುದು. ಒಳಮೈಯ ಶಾಖ 40 ಡಿಗ್ರಿ ದಾಟಿತೆಂದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಕೂಡಲೆ ತಣಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಕವಚ ಕಳಚಿದರೆ ಗುಂಡಿನ ಭಯ, ತೊಟ್ಟರೆ ಬಿಸಿಲಿನ ಭಯ. ಬಾಯ್ಲರಿನ ಮುಂದೆ ನಿಂತು ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಯುದ್ಧವೇನು ಬಿಸಿಲು ನೋಡಿ ನಡೆಯುತ್ತದೆಯೇ?" ಎಂದು ಕೇಳುವವರುಂಟು. ಇದೇ ಇರಾಕಿನ ನೆಲ ಅವರಿಗೆ ಹಿಂದೆಯೇ ಉತ್ತರ ಕೊಟ್ಟಿದೆ. 1917ರ ಜುಲೈಯಲ್ಲಿ, ನಮ್ಮ ದೇಶದ ಸಿಪಾಯಿಗಳೂ ಇದ್ದ ಪಡೆಯನ್ನು ಬ್ರಿಟಿಷರು ರಮಾದಿ ಪಟ್ಟಣದ ಮೇಲೆ ಕಳಿಸಿದರು. ಪಡೆ ಹಿಮ್ಮೆಟ್ಟಬೇಕಾಯಿತು. ಆಗ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೆಡವಿದ್ದು ತುರ್ಕರ ಗುಂಡಲ್ಲ, ಬಿಸಿಲು. ಸೆಪ್ಟೆಂಬರಿನ ಕೊನೆಯಲ್ಲಿ ಮತ್ತೆ ಹೋದಾಗ ಅದೇ ಪಟ್ಟಣ ಕೈವಶವಾಯಿತು. ಬೇಸಿಗೆ ಕಳೆಯುವ ತನಕ ಕಾಯದವರು ಸೇನಾಧಿಪತಿಗಳು. ಬೆಲೆ ತೆತ್ತವರು ಸಿಪಾಯಿಗಳು.

ಭಾರವೆಂಬ ಕಾರಣಕ್ಕೆ ಕವಚವನ್ನು ಹಳಿಯುವವರು ನಾವಲ್ಲ. ಅದು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ 2003ರಲ್ಲಿ ಒಳ್ಳೆಯ ಕವಚ ಎಲ್ಲರ ಪಾಲಿಗೂ ಬರಲಿಲ್ಲ. ಎಷ್ಟೋ ಮನೆಗಳವರು ಸ್ವಂತ ದುಡ್ಡಿನಿಂದ ಕೊಂಡು ಮಕ್ಕಳಿಗೆ ಕಳಿಸಿದರು. ಆ ಹಣವನ್ನು ಹಿಂತಿರುಗಿಸಲು ಅಮೆರಿಕದ ಕಾಂಗ್ರೆಸ್ಸು 2004ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಜಗತ್ತಿನ ಅತ್ಯಂತ ಸಿರಿವಂತ ಸರ್ಕಾರದ ಸಿದ್ಧತೆ ಇಷ್ಟು!

ಇನ್ನೊಂದು ದೃಶ್ಯವನ್ನೂ ಮರೆಯಬಾರದು. 2003ರ ಆಗಸ್ಟಿನಲ್ಲಿ ಬಸ್ರಾ ನಗರದ ಜನ ವಿದ್ಯುತ್ತಿಲ್ಲ, ಪೆಟ್ರೋಲಿಲ್ಲ ಎಂದು ಬೀದಿಗಿಳಿದರು. ಎದುರಿಗೆ ನಿಂತವರು ಬ್ರಿಟಿಷ್ ಸೈನಿಕರು. ಫ್ಯಾನು ತಿರುಗದ ಮನೆಯಿಂದ ಬೆವರಿಳಿಸುತ್ತ ಬಂದವರು ಒಂದು ಕಡೆ, ಕವಚದೊಳಗೆ ಬೇಯುತ್ತಿದ್ದವರು ಇನ್ನೊಂದು ಕಡೆ. ಈ ಎರಡು ಪಕ್ಷದವರನ್ನೂ ಬಿಸಿಲಿಗೆ ನಿಲ್ಲಿಸಿದ ಪ್ರಭುಗಳಾದರೋ ಲಂಡನ್, ವಾಷಿಂಗ್ಟನ್ನಿನ ತಂಪು ಕೊಠಡಿಗಳಲ್ಲಿದ್ದರು.

250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಬೇಸಿಗೆಯ ಕಾಲಕ್ಕೆ ತಂಪು ನೀರು ಒದಗಿಸತಕ್ಕದ್ದೆಂದು ನಮ್ಮ 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಕಾರ್ಮಿಕರು ಬಾಯಿಬಿಟ್ಟು ಕೇಳದೆ ಇಂಥ ವಿಧಿಗಳು ಬರುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ಸೈನಿಕನಿಗೆ ಆ ಬಾಯಿಯೂ ಇಲ್ಲ. ಅಮೆರಿಕವು 1978ರಲ್ಲಿ ಸೈನಿಕರ ಯೂನಿಯನ್ನುಗಳನ್ನು ಕಾನೂನಿನ ಮೂಲಕ ನಿಷೇಧಿಸಿತು. ಜರ್ಮನಿ, ನೆದರ್ಲೆಂಡ್ಸ್ ದೇಶಗಳಲ್ಲಿ ಸೈನಿಕರಿಗೆ ತಮ್ಮದೇ ಸಂಘಗಳಿವೆ. ಅದರಿಂದ ಆ ದೇಶಗಳೇನೂ ಮುಳುಗಿಲ್ಲ.

ನೀರು, ನೆರಳು, ವಿಶ್ರಾಂತಿ ಇವು ದಯೆಯಿಂದ ಕೊಡುವ ದಾನಗಳಲ್ಲ, ದುಡಿಮೆಯ ಹಕ್ಕುಗಳು. ದುಡಿಮೆಗಾರ ಸಮವಸ್ತ್ರ ತೊಟ್ಟ ಮಾತ್ರಕ್ಕೆ ಅವು ಕಳೆದುಹೋಗಬಾರದು. ಸೈನಿಕ ಕೇಳಲಾರ; ಆದುದರಿಂದ ಕೇಳಬಲ್ಲ ನಾವು ಕೇಳಬೇಕು. ಮುಂದೆ ಯಾವುದೇ ದೇಶದ ಪ್ರಭುಗಳು ಯುದ್ಧದ ಭಾಷಣಕ್ಕೆ ನಿಂತಾಗ ಜನ ಮೊದಲು ಹಾಕಬೇಕಾದ ಪ್ರಶ್ನೆ ಇದು: ಹೊರೆ ಎಷ್ಟು? ಹೊರುವವರು ಯಾರು?