ಎಣಿಸಿ ಕಳುಹಿಸುವ ವಿದ್ಯೆ

ಉಗುರಿನಷ್ಟು ಚಿಕ್ಕ ಮೈಕ್ರೋಕಂಟ್ರೋಲರುಗಳು ಇಂದು ಮುಂಬಯಿಯ ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ವಿದ್ಯಾರ್ಥಿಗಳಾದ ನಾವು ಅವನ್ನು ಕೊಂಡು, ಇತರರು ಬರೆದಿಟ್ಟ ಪ್ರೋಗ್ರಾಮನ್ನು ತುಂಬಿ, ಗಣಕದ ಪರದೆಯ ಮೇಲೆ ಅಕ್ಷರ ಮೂಡಿದೊಡನೆ ವಿದ್ಯೆ ಕೈಸೇರಿತೆಂದು ಭಾವಿಸುತ್ತೇವೆ. ಇಷ್ಟು ಸಾಲದು. ಸರಣಿ ಸಂವಹನದ ತಂತ್ರಾಂಶವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಸ್ವತಃ ಬರೆಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಎಟಿಟೈನಿ-೧೩ ಎಂಬ ಚಿಪ್ಪನ್ನು ನೋಡೋಣ. ಅದಕ್ಕೆ ಎಂಟೇ ಕಾಲುಗಳು. ಪ್ರೋಗ್ರಾಮಿಗೆ ೧ ಕಿಲೋಬೈಟ್, ಕೆಲಸದ ಸ್ಮೃತಿಗೆ ೬೪ ಬೈಟ್ ಸ್ಥಳ. ಸರಣಿ ಸಂವಹನಕ್ಕೆಂದೇ ಇರುವ ಯುಎಆರ್‌ಟಿ ಘಟಕ ಅದರಲ್ಲಿಲ್ಲ. ಹಾಗೆಂದು ಅದು ಮೂಕವಲ್ಲ. ಒಂದು ಕಾಲಿನ ವಿದ್ಯುತ್ ಮಟ್ಟವನ್ನು ಕಾಲಬದ್ಧವಾಗಿ ಏರಿಳಿಸಿದರೆ ಅದೂ ಮಾತನಾಡುತ್ತದೆ. ಸುಮ್ಮನಿರುವಾಗ ತಂತಿ ಮೇಲ್ಮಟ್ಟದಲ್ಲಿರುತ್ತದೆ. ಆರಂಭಸೂಚಕವಾಗಿ ಒಂದು ಬಿಟ್ಟಿನ ಕಾಲ ಅದನ್ನು ಇಳಿಸಬೇಕು. ಬಳಿಕ ಎಂಟು ಬಿಟ್ಟುಗಳನ್ನು ಕಿರಿಯದರಿಂದ ಮೊದಲ್ಗೊಂಡು ಕಳುಹಿಸಿ, ಕೊನೆಗೆ ಮತ್ತೆ ಏರಿಸಬೇಕು. ರೋಮನ್ ಲಿಪಿಯ ದೊಡ್ಡ ‘ಎ’ ಅಕ್ಷರದ ಸಂಖ್ಯೆ ೬೫. ಅದು ತಂತಿಯಲ್ಲಿ ೧, ೦, ೦, ೦, ೦, ೦, ೧, ೦ ಎಂದು ಸಾಗುತ್ತದೆ.

ಸೆಕೆಂಡಿಗೆ ೯,೬೦೦ ಬಿಟ್ಟುಗಳ ವೇಗದಲ್ಲಿ ಒಂದು ಬಿಟ್ಟಿಗೆ ಸುಮಾರು ೧೦೪ ಮೈಕ್ರೋಸೆಕೆಂಡು. ಚಿಪ್ಪಿನ ಒಳಗಡಿಯಾರವನ್ನು ಸೆಕೆಂಡಿಗೆ ೯೬ ಲಕ್ಷ ಮಿಡಿತಗಳಿಗೆ ಹೊಂದಿಸಿದರೆ ಬಿಟ್ಟಿಗೆ ಸರಿಯಾಗಿ ೧,೦೦೦ ಮಿಡಿತ. ಕೇಳುವ ಯಂತ್ರಕ್ಕೂ ಹೇಳುವ ಯಂತ್ರಕ್ಕೂ ಸಮಾನ ಗಡಿಯಾರವಿಲ್ಲ. ಗಾಯಕನೂ ಮೃದಂಗದವನೂ ಮೊದಲೇ ತಾಳವನ್ನು ಒಪ್ಪಿಕೊಂಡಂತೆ ಇವೂ ವೇಗವನ್ನು ಒಪ್ಪಿಕೊಂಡಿರುತ್ತವೆ. ತಂತಿ ಇಳಿದ ಕ್ಷಣದಿಂದ ಒಂದೂವರೆ ಬಿಟ್ಟಿನ ಕಾಲ ಕಾದರೆ ಕೇಳುವ ಯಂತ್ರವು ಮೊದಲ ಬಿಟ್ಟಿನ ನಡುಭಾಗವನ್ನು ಮುಟ್ಟುತ್ತದೆ. ಮುಂದೆ ಪ್ರತಿ ಬಿಟ್ಟಿಗೊಮ್ಮೆ ನೋಡಿದರಾಯಿತು. ಕೊನೆಯ ಬಿಟ್ಟನ್ನು ತಲುಪುವುದರೊಳಗೆ ಅರ್ಧ ಬಿಟ್ಟಿನಷ್ಟು ತಾಳ ತಪ್ಪಿದರೆ ಅಕ್ಷರ ಕೆಡುತ್ತದೆ. ಆದ್ದರಿಂದ ಎರಡೂ ಯಂತ್ರಗಳ ವೇಗದ ಅಂತರ ಶೇಕಡ ೫ರೊಳಗೇ ಇರಬೇಕು. ಆದರೆ ಕಾರ್ಖಾನೆಯಿಂದ ಬಂದ ಒಳಗಡಿಯಾರ ಶೇಕಡ ೧೦ರವರೆಗೂ ತಪ್ಪಬಹುದು! ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದಾಗ, ನಕಲು ಮಾಡಿದವನು ಚಿಪ್ಪನ್ನು ದೂರಿ ಎಸೆಯುತ್ತಾನೆ. ಎಣಿಕೆ ಬಲ್ಲವನು ಗಡಿಯಾರವನ್ನು ಅಳೆದು ತಿದ್ದುತ್ತಾನೆ.

ಎಣಿಸುತ್ತಿರುವಾಗ ಚಿಪ್ಪು ಬೇರೆ ಕೆಲಸ ಮಾಡಲಾರದು, ನಡುವೆ ಅಡ್ಡಿ ಬಂದರೆ ಎಣಿಕೆ ಕೆಡುವುದು ಎಂದು ಕೆಲವರು ಆಕ್ಷೇಪಿಸಬಹುದು. ಅದು ನಿಜವೇ. ಹಗಲಿರುಳೂ ದುಡಿಯಬೇಕಾದ ಉಪಕರಣಕ್ಕೆ ಯುಎಆರ್‌ಟಿ ಇರುವ ಚಿಪ್ಪೇ ಲೇಸು. ಆದರೆ ಶಾಲೆಯ ಮೇಜು ಕಾರ್ಖಾನೆಯಲ್ಲ; ಇಲ್ಲಿ ತಯಾರಾಗಬೇಕಾದದ್ದು ತಿಳಿವಳಿಕೆ. ಸಿದ್ಧವಸ್ತುವನ್ನು ಬಳಸುವ ಹಕ್ಕು ಅದರ ಒಳಗನ್ನು ಅರಿತವನಿಗೆ ಹೆಚ್ಚು ಶೋಭಿಸುತ್ತದೆ. ಆದ್ದರಿಂದ ಮಿತ್ರರೇ, ಈ ವರ್ಷ ನಾವೆಲ್ಲರೂ ಒಂದೇ ಒಂದು ಅಕ್ಷರವನ್ನಾದರೂ ನಮ್ಮದೇ ಎಣಿಕೆಯಿಂದ ಕಳುಹಿಸೋಣ.